ಅಮ್ಮನಿಗೆ ಬಂದ ಬಂದೂಕು

ನನ್ನ ತಮ್ಮ ರೂಡಿ ಒಂದು ದಿನವೂ ಸೈನ್ಯದಲ್ಲಿದ್ದವನಲ್ಲ. ಆದರೂ ಅವನ ಪ್ಯಾಂಟು, ಟೋಪಿ, ಮಧ್ಯಾಹ್ನದ ಬುತ್ತಿಯ ಚೀಲ, ಎಲ್ಲವೂ ಸೈನಿಕರು ಕಾಡಿನಲ್ಲಿ ಅಡಗಲು ತೊಡುವ ಹಸಿರು-ಕಂದು ಮಚ್ಚೆಯ ಬಟ್ಟೆಯವು. ಅವನಿಗೆ ಕೆಲಸವಿದ್ದದ್ದು ಟೈರಿನ ಅಂಗಡಿಯಲ್ಲಿ. ಅಲ್ಲಿ ಯಾವ ಶತ್ರುವಿನ ಕಣ್ಣು ತಪ್ಪಿಸಲು ಆ ವೇಷವೋ ನನಗೆ ತಿಳಿಯದು. ಮಾಲೀಕನ ಕಣ್ಣು ತಪ್ಪಿಸಲು ಇದ್ದರೂ ಇರಬಹುದು.

ನಮ್ಮೂರು ಪೆನ್ಸಿಲ್ವೇನಿಯಾದ ಸ್ಲೇಟ್ ಹಾಲೋ. ಕಲ್ಲಿದ್ದಲಿನ ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಎರಡು ಚರ್ಚು, ಅದಕ್ಕಿಂತ ಹೆಚ್ಚು ಬಾರು, ಊರವರೇ ಬಿಟ್ಟಿ ದುಡಿದು ನಡೆಸುವ ಅಗ್ನಿಶಾಮಕ ದಳದ ಒಂದು ಕಟ್ಟಡ. ಮನೆ ಅಮ್ಮನದು. ಅಮ್ಮ ಅಂದರೆ ವರ್ನಾ ಸೋಲ್ಟಿಸ್, ಶಾಲೆಯ ಅಡಿಗೆಮನೆಯಲ್ಲಿ ಊರಿನ ಎರಡು ತಲೆಮಾರಿಗೆ ಬಡಿಸಿ ನಿವೃತ್ತಳಾದವಳು. ಕೆಳಗಿನ ಮನೆಯಲ್ಲಿ ಅಮ್ಮ, ರೂಡಿ, ಅವನ ಹೆಂಡತಿ ಕಾರ್ಲೀನ್ ಮತ್ತು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಅವರ ಮಗಳು ಟೆಸ್ಸಾ. ಮೇಲಿನ ಎರಡು ಕೋಣೆಗಳಲ್ಲಿ ನಾನು, ನೋರೀನ್. ಗಂಡನನ್ನು ಬಿಟ್ಟವಳು, ಶಾಲೆಯ ಬಸ್ಸು ಓಡಿಸುವವಳು. ಸಂಜೆಯ ಊಟ ಮಾತ್ರ ಎಲ್ಲರದೂ ಕೆಳಗಿನ ಒಂದೇ ಮೇಜಿನಲ್ಲಿ.

ಆ ಚಳಿಗಾಲದಲ್ಲಿ ಆ ಮೇಜಿಗೆ ಆಲೂಗಡ್ಡೆಯಷ್ಟೇ ತಪ್ಪದೆ ಬರುತ್ತಿದ್ದದ್ದು ಬಂದೂಕಿನ ಮಾತು. ಬೇರೆ ಯಾವುದೋ ರಾಜ್ಯದ ಶಾಲೆಯೊಂದಕ್ಕೆ ಒಬ್ಬ ಹುಡುಗ ಸೈನಿಕರ ಬಂದೂಕಿನಂಥದ್ದನ್ನು ತೆಗೆದುಕೊಂಡು ಹೋಗಿ ಮಕ್ಕಳನ್ನು ಕೊಂದಿದ್ದ. ಅಂಥ ಬಂದೂಕು ಸಾಮಾನ್ಯ ಜನರ ಕೈಯಲ್ಲಿರಬೇಕೇ ಎಂದು ಟೀವಿಯವರು ಕಚ್ಚಾಡುತ್ತಿದ್ದರು. ಅವರು ಮುಗಿಸಿದಲ್ಲಿಂದ ನಮ್ಮವರು ಶುರು ಮಾಡುತ್ತಿದ್ದರು. ಅದು ನೋಡಲಷ್ಟೇ ಸೈನ್ಯದ್ದು, ಒಳಗೆ ಎಲ್ಲ ಬಂದೂಕಿನ ಹಾಗೇ ಎಂದು ರೂಡಿ. ಹಾಗಾದರೆ ಬೇರೆ ಬಂದೂಕೇ ಸಾಲದೇ ಎಂದು ಟೆಸ್ಸಾ. ಅದಕ್ಕಿಂತ ಹೆಚ್ಚು ಜನ ಚಾಕುವಿನಿಂದ, ಬರಿಗೈಯಿಂದ ಸಾಯುತ್ತಾರೆ, ಸರ್ಕಾರ ಒಂದು ದಿನ ಬಾಗಿಲು ಒಡೆದು ಬಂದಾಗ ಏನು ಮಾಡುತ್ತೀಯೆ ಎಂದು ರೂಡಿ. ಸರ್ಕಾರಕ್ಕೆ ನಿನ್ನ ಟೈರಿನ ಅಂಗಡಿಯ ವಿಳಾಸವೂ ಗೊತ್ತಿಲ್ಲ ಎಂದು ಟೆಸ್ಸಾ. ಇಬ್ಬರದೂ ಫೋನಿನಲ್ಲಿ ಓದಿದ್ದು, ಒಂದೇ ಒಂದು ಮಾತು ಸ್ವಂತದ್ದಲ್ಲ. ನನ್ನ ಬಸ್ಸಿನ ಸಣ್ಣ ಮಕ್ಕಳು ಗುಂಡು ಹಾರಿದರೆ ಯಾರು ಯಾವ ಸೀಟಿನಡಿ ನುಸುಳಬೇಕೆಂದು ತಾವೇ ಹಂಚಿಕೊಂಡಿದ್ದರು. ದಪ್ಪಗಿರುವ ಒಬ್ಬ ಹುಡುಗನಿಗೆ ಯಾವ ಸೀಟೂ ಸಿಕ್ಕಿರಲಿಲ್ಲ. ಅದನ್ನು ನಾನು ಮೇಜಿನಲ್ಲಿ ಹೇಳಲಿಲ್ಲ. ಆ ಮೇಜಿನಲ್ಲಿ ಯಾರಿಗೂ ಸುದ್ದಿ ಬೇಕಿರಲಿಲ್ಲ, ಗೆಲುವು ಬೇಕಿತ್ತು.

ಅಮ್ಮನಿಗೆ ಇಬ್ಬರ ಮೇಲೂ ತಾತ್ಸಾರ. ಅಪ್ಪ ಬದುಕಿದ್ದಾಗ ಅವಳು ಅವನ ಜೊತೆ ಬೇಟೆಗೆ ಹೋಗುತ್ತಿದ್ದವಳು, ಜಿಂಕೆ ಹೊಡೆದು ತಾನೇ ಸುಲಿದವಳು.

"ಜಿಂಕೆಗೆ ಒಂದು ಗುಂಡು ಸಾಕು," ಅನ್ನುತ್ತಿದ್ದಳು. "ಮೂವತ್ತು ಬೇಕಾದೋನು ಮನೇಲಿ ಕೂತು ಟೀವಿ ನೋಡ್ಲಿ."

ಕಾರ್ಲೀನ್ ಮಾತ್ರ ಯಾವ ಕಡೆಯೂ ಮಾತಾಡುತ್ತಿರಲಿಲ್ಲ. ಬಂದೂಕಿನ ಮಾತು ಬಂತೆಂದರೆ ಬ್ರೆಡ್ಡು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಬ್ರೆಡ್ಡು ಮೇಜಿನ ಮೇಲೇ ಇರುತ್ತಿತ್ತು.

ಅವಳು ಎದ್ದುಹೋಗುತ್ತಿದ್ದ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಟೆಸ್ಸಾ ಐದು ವರ್ಷದವಳಿದ್ದಾಗ ರೂಡಿ ಹೆಂಡತಿಗೆ ಹೊಡೆದ. ಸಾರಿಗೆ ಉಪ್ಪು ಸಾಲದು ಎಂಬಷ್ಟು ಸಣ್ಣ ವಿಷಯಕ್ಕೆ ಶುರುವಾದ ಜಗಳ. ಕಾರ್ಲೀನಳ ದವಡೆ ಮುರಿಯಿತು. ಹಲ್ಲುಗಳನ್ನು ತಂತಿಯಿಂದ ಬಿಗಿದು ಅವಳಿಗೆ ತಿಂಗಳುಗಟ್ಟಲೆ ಗಂಜಿಯಂಥದ್ದನ್ನೇ ಕುಡಿಸಿದರು. ರೂಡಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸಣ್ಣ ಶಿಕ್ಷೆಯಲ್ಲೇ ಪಾರಾದ. ಆದರೆ ಹೆಂಡತಿಗೆ ಹೊಡೆದು ಶಿಕ್ಷೆಯಾದವನು ಜೀವಮಾನವಿಡೀ ಬಂದೂಕು ಮುಟ್ಟುವಂತಿಲ್ಲ ಎಂಬುದು ಈ ದೇಶದ ಕಾನೂನು. ಅಪ್ಪನ ಬೇಟೆಯ ಬಂದೂಕು ಕೂಡ ಮನೆಯಲ್ಲಿರುವಂತಿಲ್ಲವೆಂದು ಚಿಕ್ಕಪ್ಪನ ಮನೆಗೆ ಹೋಯಿತು. ಮನೆಯ ಮಾಡು ರಿಪೇರಿಗೆ ಅದನ್ನು ಮಾರಿದೆವೆಂದು ಅಮ್ಮ ಊರಿಗೆಲ್ಲ ಹೇಳಿದಳು. ಕಾರ್ಲೀನ್ ಮಂಜುಗಡ್ಡೆಯ ಮೇಲೆ ಜಾರಿದಳೆಂದು ಟೆಸ್ಸಾಗೆ ಹೇಳಿದೆವು. ಮನೆಯವರೆಲ್ಲ ಸೇರಿ ಹೇಳಿದ ಸುಳ್ಳಾದ್ದರಿಂದ ಅದು ಗಟ್ಟಿಯಾಗಿ ನಿಂತಿತ್ತು. ಅಂಥವನು ದಿನಾ ಸಂಜೆ ಆಲೂಗಡ್ಡೆ ಮೆಲ್ಲುತ್ತಾ ಬಂದೂಕಿನ ಹಕ್ಕಿನ ಬಗ್ಗೆ ಮಗಳಿಗೆ ಪಾಠ ಹೇಳುತ್ತಿದ್ದ.

ಪ್ರತಿ ಮಾರ್ಚಿನಲ್ಲಿ ಅಗ್ನಿಶಾಮಕ ದಳದವರು ಬಂದೂಕಿನ ಲಾಟರಿ ನಡೆಸುತ್ತಾರೆ. ಟಿಕೆಟ್ಟು ಕೊಂಡವರಿಗೆ ಬಿಯರು, ಹಂದಿಮಾಂಸದ ಸ್ಯಾಂಡ್‌ವಿಚ್ಚು ಬಿಟ್ಟಿ. ಮಧ್ಯಾಹ್ನದಿಂದ ಸಂಜೆಯವರೆಗೆ ಒಂದಾದ ಮೇಲೊಂದು ಸಂಖ್ಯೆ ಎತ್ತುತ್ತಾರೆ, ಪ್ರತಿ ಸಂಖ್ಯೆಗೂ ಒಂದು ಬಂದೂಕು. ಬಂದ ದುಡ್ಡಿನಲ್ಲಿ ನೀರಿನ ಪೈಪು, ಹೊಸ ಬೂಟು. ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ ಅವನನ್ನು ಮೆಟ್ಟಿಲಿಳಿಸಿ ಹೊತ್ತೊಯ್ದವರು ಆ ಹುಡುಗರೇ ಆದ್ದರಿಂದ ಅಮ್ಮ ವರ್ಷವೂ ಒಂದು ಟಿಕೆಟ್ಟು ಕೊಳ್ಳುತ್ತಾಳೆ, ಅಲ್ಲಿನ ಅಡಿಗೆಮನೆಯಲ್ಲಿ ನಿಂತು ಮಾಂಸ ಬಡಿಸುತ್ತಾಳೆ. ಆ ವರ್ಷ ಕೊನೆಯ ಬಹುಮಾನ ಕಪ್ಪು ಬಣ್ಣದ, ಸೈನಿಕರದ್ದರ ಹಾಗಿರುವ ಆ ಬಂದೂಕು. ಅದಕ್ಕೆ ಎತ್ತಿದ ಸಂಖ್ಯೆ ಅಮ್ಮನದು.

ಅಮ್ಮನ ಕೈಯಲ್ಲಿ ಸೌಟಿತ್ತು. ಅವಳು ಅಡಿಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ರೂಡಿ ವೇದಿಕೆ ಹತ್ತಿ ನಿಂತು ಜನರಿಗೆ ಕೈಬೀಸುತ್ತಿದ್ದ. ಗಂಡಸರು ಮೇಜು ಗುದ್ದಿ ನಗುತ್ತಿದ್ದರು. ಅಮ್ಮನನ್ನು ನಡುವೆ ನಿಲ್ಲಿಸಿ, ಏಪ್ರನ್ನು ಬಿಚ್ಚಲೂ ಬಿಡದೆ, ಬಂದೂಕನ್ನು ಅವಳ ಕೈಗಿಟ್ಟು ಫೋಟೋ ತೆಗೆದರು. ಮಗುವನ್ನು ಎತ್ತಿಕೊಳ್ಳಲು ಬಾರದವರ ಹಾಗೆ ಅಮ್ಮ ಅದನ್ನು ಹಿಡಿದುಕೊಂಡಿದ್ದಳು. ಬಂದೂಕು ಅಲ್ಲೇ ಕೊಡುವುದಿಲ್ಲ. ಗೆದ್ದವರು ಬಂದೂಕಿನ ಅಂಗಡಿಗೆ ಹೋಗಿ, ಅವರ ಮೇಲೆ ಕೇಸುಗೀಸು ಇಲ್ಲವೆಂದು ಅಂಗಡಿಯವನು ವಿಚಾರಿಸಿದ ಮೇಲೆ ತೆಗೆದುಕೊಂಡು ಹೋಗಬೇಕು.

ಮಾರನೆಯ ದಿನದಿಂದ ರೂಡಿ ಒಳ್ಳೆಯ ಮಗನಾದ. ನಾಲ್ಕು ವರ್ಷದಿಂದ ಅಲ್ಲಾಡುತ್ತಿದ್ದ ವರಾಂಡದ ಹಲಗೆಗೆ ಮೊಳೆ ಬಿತ್ತು. ಊಟವಾದ ಮೇಲೆ ಅವನು ತಟ್ಟೆ ತೊಳೆದ, ಅದೂ ಸೀಟಿ ಹಾಕುತ್ತಾ. ಬೆಳಿಗ್ಗೆ ಅಮ್ಮನಿಗೆ ಕಾಫಿ ಹಿಡಿದು ನಿಂತ. ನಲವತ್ತಾರು ವರ್ಷದ ಗಂಡಸು ಆಟದ ಸಾಮಾನಿಗಾಗಿ ಹೀಗೆ ಬಾಲ ಅಲ್ಲಾಡಿಸುವುದನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಅಮ್ಮನಿಗೆ ಮಾತ್ರ ಸೇರುತ್ತಿತ್ತು. ಆಟ ಏನೆಂದು ಅವಳಿಗೆ ತಿಳಿದಿತ್ತು, ಆದರೂ ಕಾಫಿ ಬಿಸಿಯಾಗಿತ್ತಲ್ಲ.

ಅವನ ವಾದ ಹೀಗಿತ್ತು: ಬಂದೂಕು ಅಮ್ಮನ ಹೆಸರಿನದು, ಅಮ್ಮನ ಬೀರುವಿನಲ್ಲಿರುತ್ತದೆ, ಬೀಗದ ಕೈ ಅಮ್ಮನ ಹತ್ತಿರ. ತಾನು ಮುಟ್ಟುವುದಿಲ್ಲ, ನೋಡುತ್ತಾನೆ ಅಷ್ಟೆ. ನೋಡಬಾರದು ಎಂದು ಯಾವ ಕಾನೂನಿದೆ?

ಒಂದು ಭಾನುವಾರ ಅಮ್ಮ ಹೊಲುಪ್ಕಿ ಮಾಡಿದ್ದಳು, ಎಲೆಕೋಸಿನ ಎಲೆಯಲ್ಲಿ ಅಕ್ಕಿ-ಮಾಂಸ ಸುತ್ತಿ ಟೊಮೆಟೊ ಸಾರಿನಲ್ಲಿ ಬೇಯಿಸುವುದು. ರೂಡಿ ಮೂರನೆಯದನ್ನು ತಟ್ಟೆಗೆ ಹಾಕಿಕೊಳ್ಳುತ್ತಾ, ಮಂಗಳವಾರ ಅಂಗಡಿಗೆ ಹೋಗಿಬರೋಣ, ತಾನೇ ಗಾಡಿ ಓಡಿಸುತ್ತೇನೆ ಎಂದ. ಅದು ಬಂದರೆ ತಾನು ಗೆಳತಿಯ ಮನೆಯಲ್ಲಿ ಮಲಗುವುದಾಗಿ ಟೆಸ್ಸಾ ಹೇಳಿದಳು. ರೂಡಿ ಫೋರ್ಕನ್ನು ಕೆಳಗಿಟ್ಟು, ಹೆದರಿದ ಕುರಿಗಳಿಂದ ದೇಶ ಹಾಳಾಯಿತು, ಸ್ವತಂತ್ರ ಮನುಷ್ಯನಿಗೂ ಗುಲಾಮನಿಗೂ ಇರುವ ವ್ಯತ್ಯಾಸವೇ ಅದು ಎಂದು ಶುರು ಮಾಡಿದ. ಕಾರ್ಲೀನ್ ಬ್ರೆಡ್ಡು ತರಲು ಎದ್ದಳು. ಎದ್ದವಳು ಹೋಗಲಿಲ್ಲ.

"ಅಷ್ಟು ಸ್ವತಂತ್ರ ಇದ್ರೆ ನೀನೇ ಹೋಗಿ ಒಂದು ಕೊಂಡ್ಕೊಂಡು ಬಾ ರೂಡಿ," ಅಂದಳು.

ರೂಡಿ ಫೋರ್ಕನ್ನು ಮತ್ತೆ ಎತ್ತಿಕೊಂಡ.

"ಅಂಗಡಿ ಅಲ್ಲೇ ಇದೆ. ನಿನ್ನ ಹೆಸರು ಹೇಳು. ಏನಂತಾರೆ ಕೇಳ್ಕೊಂಡು ಬಾ."

"ಕಾರ್ಲೀನ್, ಊಟದ ಹೊತ್ತಲ್ಲಿ ಬೇಡ," ಅಂದಳು ಅಮ್ಮ.

"ಊಟದ ಹೊತ್ತಲ್ಲೇ ಆಗಿದ್ದಲ್ವಾ ಅದು."

ಟೆಸ್ಸಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಪ್ಪ ಯಾಕೆ ಕೊಳ್ಳೋ ಹಾಗಿಲ್ಲ? ಅಜ್ಜೀ? ಯಾಕೆ?"

ಅಮ್ಮ ಅವಳ ತಟ್ಟೆಗೆ ಇನ್ನೊಂದು ಹೊಲುಪ್ಕಿ ಹಾಕಿ, ಆರಿಹೋಗುತ್ತೆ ತಿನ್ನು ಎಂದಳು. ಕಾರ್ಲೀನ್ ಕೂರಲಿಲ್ಲ. ಅಮ್ಮನನ್ನೇ ನೋಡುತ್ತಾ, "ವರ್ನಾ, ನೀವು ಅದನ್ನ ಈ ಮನೆಗೆ ತಂದ್ರೆ ನಾನು ಇಲ್ಲಿರಲ್ಲ," ಅಂದಳು. ದನಿ ಏರಿಸದೆ ಹೇಳಿದಳು. ಹಾಗಾಗಿ ರೂಡಿಗೆ ಅದು ಮಾತೆಂದೇ ಅನ್ನಿಸಲಿಲ್ಲ. ಅವನು ಟೊಮೆಟೊ ಸಾರಿನಲ್ಲಿ ಬ್ರೆಡ್ಡು ಅದ್ದಿದ.

ಮಂಗಳವಾರ ಅಮ್ಮ ಚರ್ಚಿಗೆ ಹೋಗುವಾಗಿನ ಕೋಟು ಹಾಕಿಕೊಂಡು ಹೊರಟಳು. ರೂಡಿ ಅಂಗಡಿಯೊಳಗೆ ಕಾಲಿಡಲಿಲ್ಲ. ದೇಶ ಕಾಯುವ ವೀರ ಗಾಡಿಯಲ್ಲೇ ತಲೆ ತಗ್ಗಿಸಿ ಕೂತಿದ್ದ. ಬಂದೂಕು ನಿಮಗೇ ತಾನೆ ಎಂದು ಅಂಗಡಿಯವನು ಕೇಳಿದನಂತೆ. ನನಗೇ ಎಂದಳಂತೆ ಅಮ್ಮ. ಅವನು ಅವಳ ಮೇಲೆ ಏನೂ ಇಲ್ಲವೆಂದು ವಿಚಾರಿಸಿ, ಬೈಬಲ್ ಕೊಡುವಷ್ಟು ಮರ್ಯಾದೆಯಿಂದ ಉದ್ದನೆಯ ಪೆಟ್ಟಿಗೆ ಕೊಟ್ಟನಂತೆ.

ಸಂಜೆ ನಾನು ಅಮ್ಮನನ್ನು ಅಡಿಗೆಮನೆಯಲ್ಲಿ ಹಿಡಿದೆ. ಬೇಡ ಅಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಬೇಡ ಅಂದ್ರೆ ಯಾಕೆ ಅಂತಾರೆ. ಮಗನಿಗೆ ಕೊಡಿ ಅಂತಾರೆ. ಆಗ ಏನಂತ ಹೇಳ್ಲಿ?"

"ನಿಜ ಹೇಳು."

"ನೀನು ಹೆತ್ತಿಲ್ಲ. ನಿನಗೆ ಬಾಯಿದೆ ಅಷ್ಟೆ."

ಆ ಊರಿನಲ್ಲಿ ಮಗನ ಕೈ ಎಂಥದ್ದೆಂದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಗೊತ್ತಿದ್ದವರೆಲ್ಲ ಗೊತ್ತಿಲ್ಲದ ಹಾಗೆ ಅಮ್ಮನಿಗೆ ನಮಸ್ಕಾರ ಹೇಳುತ್ತಿದ್ದರು. ಆ ನಮಸ್ಕಾರಕ್ಕಾಗಿ ಅವಳು ಬಂದೂಕು ತಂದಳು.

ಕಾರ್ಲೀನ್ ದಂತವೈದ್ಯರೊಬ್ಬರ ಕಚೇರಿಯಲ್ಲಿ ಫೋನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಆ ದಿನ ಕೆಲಸದಿಂದ ಬಂದವಳು ಬೀರುವಿನ ಬೀಗ ನೋಡಿದಳು, ಕೋಟು ಬಿಚ್ಚದೆ ಬಟ್ಟೆ ಕಟ್ಟಿದಳು, ಇಸ್ತ್ರಿಯ ಮಣೆ, ಕಾಫಿ ಮಾಡುವ ಯಂತ್ರ, ಟೆಸ್ಸಾಳ ಹಾಸಿಗೆ, ಒಂದೊಂದಾಗಿ ನನ್ನ ಮೆಟ್ಟಿಲು ಹತ್ತಿಸಿದಳು. ಬೇರೆ ಊರಲ್ಲಿ ಮನೆ ಸಿಗುವವರೆಗೆ ಎಂದಳು. ನಾನು ನನ್ನ ಬಟ್ಟೆಗಳನ್ನು ಒಂದು ಕಡೆ ಒತ್ತಿ ಜಾಗ ಮಾಡಿದೆ. ಕೆಳಗೆ ರೂಡಿ ಟೀವಿಯ ದನಿ ಜೋರು ಮಾಡಿದ.

ಎರಡು ಮನೆಯಾಯಿತು. ಮೇಲೆ ನಾವು ಮೂವರು ಮೊಟ್ಟೆ, ಹುರಿದ ಎಲೆಕೋಸು, ಶ್ಯಾವಿಗೆಯಲ್ಲಿ ಕಾಲ ಹಾಕಿದೆವು. ಬಟ್ಟೆ ಒಗೆಯುವ ಯಂತ್ರ ಕೆಳಗಿದ್ದರಿಂದ ಕಾರ್ಲೀನ್ ಊರಿನ ಬಾಡಿಗೆ ಯಂತ್ರಗಳಲ್ಲಿ ಚಿಲ್ಲರೆ ಹಾಕಿ ಒಗೆದುಕೊಂಡು ಬರುತ್ತಿದ್ದಳು. ಕೆಳಗೆ ಅಮ್ಮ ಮಗನಿಗೆ ಬೇಯಿಸಿ ಹಾಕುತ್ತಿದ್ದಳು. ಒಂದು ವಾರದ ಮೇಲೆ ತಟ್ಟೆಯನ್ನೂ ಅವಳೇ ತೊಳೆಯುತ್ತಿದ್ದಳು. ಬೀಗದ ಕೈ ಅಷ್ಟರೊಳಗೆ ಅವನ ಜೇಬಿಗೆ ಹೋಗಿತ್ತು.

ಸಂಬಳ ಬಂದದ್ದೇ ಅವನು ಅದಕ್ಕೆ ಗುರಿ ನೋಡುವ ದುರ್ಬೀನು, ದೀಪ, ಹೆಗಲಿಗೆ ಪಟ್ಟಿ, ಕೈಗೆ ಹಿಡಿ ಎಂದು ಒಂದೊಂದೇ ತಂದ. ಮದುವೆಯಾದ ಮೇಲೆ ಹೆಂಡತಿಗೆ ತಂದ ಒಡವೆಗಿಂತ ಅದಕ್ಕೆ ತೊಡಿಸಿದ್ದೇ ಹೆಚ್ಚು. ಆದರೆ ಹಾರಿಸುವುದೆಲ್ಲಿ? ಗುರಿ ಅಭ್ಯಾಸದ ಮೈದಾನಕ್ಕೆ ಹೋದರೆ ಯಾರಾದರೂ ಕೇಳಿಯಾರು. ಕಾಡಿಗೆ ಹೋದರೆ ಅರಣ್ಯದ ಅಧಿಕಾರಿ ಸಿಕ್ಕಿಯಾನು. ಸರ್ಕಾರವನ್ನು ಎದುರಿಸಲು ಇಟ್ಟುಕೊಂಡ ಬಂದೂಕನ್ನು ಸರ್ಕಾರಕ್ಕೆ ಹೆದರಿ ಹೊರಗೆ ತೆಗೆಯಲಾಗದೆ, ಅವನು ಅಡಿಗೆಮನೆಯಿಂದ ಹಿಂದಿನ ವರಾಂಡಕ್ಕೆ, ವರಾಂಡದಿಂದ ಅಡಿಗೆಮನೆಗೆ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ. ಅವನ ಗೆಳೆಯರಿಬ್ಬರು ಬಂದು ಬಿಯರು ಕುಡಿದು ಅದನ್ನು ಸವರಿ ನೋಡಿ ಹೋದರು. ಅವರಿಬ್ಬರಿಗೂ ಅವನ ಕೇಸು ಗೊತ್ತಿತ್ತು. ಕೊಳ್ಳಲು ಯೋಗ್ಯತೆಯಿಲ್ಲದವನ ಹೆಗಲಿನ ಮೇಲೆ ಬಂದೂಕು ಹೇಗೆ ಬಂತೆಂದು ಇಬ್ಬರೂ ಕೇಳಲಿಲ್ಲ. ಕೇಳುವುದು ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಭಾವಿಸಿರಬೇಕು.

ಟೆಸ್ಸಾ ನನ್ನನ್ನು ಕೇಳಿದಳು. ಒಂದು ಮಧ್ಯಾಹ್ನ ಕೊನೆಯ ಮಗು ಇಳಿದ ಮೇಲೆ ಬಸ್ಸಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅವಳು ಮುಂದಿನ ಸೀಟಿಗೆ ಬಂದು ಕೂತು, "ಅಮ್ಮ ಮಂಜಿನ ಮೇಲೆ ಜಾರಲಿಲ್ಲ ಅಲ್ವಾ ಅತ್ತೆ?" ಅಂದಳು. ನಾನು ಬಸ್ಸನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಸಾರಿಗೆ ಉಪ್ಪು ಸಾಲದ್ದಕ್ಕಾ ಎಂದು ಒಮ್ಮೆ ಕೇಳಿದಳು, ಅದಕ್ಕೇ ಎಂದೆ. ಅಂದಿನಿಂದ ಅವಳು ಕಾನೂನು, ಮೆರವಣಿಗೆ, ಬೇರೆ ದೇಶಗಳ ಲೆಕ್ಕ ಯಾವುದನ್ನೂ ಎತ್ತಲಿಲ್ಲ. ಅಪ್ಪ ಮೂರ್ಖನೆಂದು ತಿಳಿದಿದ್ದಷ್ಟು ದಿನ ಅವಳಿಗೆ ವಾದ ಬೇಕಿತ್ತು.

ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ಅಮ್ಮ ದೊಡ್ಡದೊಂದು ಹಂದಿ ತೊಡೆಯನ್ನು ಒಲೆಯಲ್ಲಿಟ್ಟು, ಮೊಮ್ಮಗಳನ್ನೂ ಸೊಸೆಯನ್ನೂ ನನ್ನನ್ನೂ ಊಟಕ್ಕೆ ಬರಹೇಳಿ ಬೆಳಿಗ್ಗೆಯೇ ಮೆಟ್ಟಿಲ ಕೆಳಗಿಂದ ಕೂಗಿ ಹೇಳಿದ್ದಳು. ನಮಗೆ ಮೇಲೇ ಊಟ ಇದೆ ಎಂದು ಕಾರ್ಲೀನ್ ಮರ್ಯಾದೆಯಿಂದಲೇ ಉತ್ತರ ಕೊಟ್ಟಿದ್ದಳು. ಪಕ್ಕದ ಊರಿನಲ್ಲಿ ಒಂದು ಸಣ್ಣ ಮನೆ ಗೊತ್ತಾಗಿತ್ತು. ಬರುವ ತಿಂಗಳು ಹೋಗುವುದಿತ್ತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಾಗಿಲು ತಟ್ಟದೆ ರೂಡಿ ಒಳಗೆ ಬಂದ. ಚರ್ಚಿಗೆ ಹಾಕುವ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡಿದ್ದ. ಹೆಗಲಿನಲ್ಲಿ ಬಂದೂಕು ಜೋತಾಡುತ್ತಿತ್ತು, ಮೂತಿ ನೆಲದ ಕಡೆಗೆ.

ಊಟ ಆರುತ್ತಿದೆ ಎಂದ. ಅಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದ್ದಾಳೆ, ವರ್ಷಕ್ಕೊಂದು ದಿನ ತಾಯಿಗೆ ಇಷ್ಟು ಮರ್ಯಾದೆ ಕೊಡಲಾಗದವರು ಎಂಥ ಹೆಂಗಸರು ಎಂದ. ಕುಟುಂಬ ಅಂದರೆ ಏನು ಎಂದು ಶುರುವಾಯಿತು. ನಾನು ಬಾಗಿಲ ಪಕ್ಕದಲ್ಲಿದ್ದೆ. ಹೆಗಲ ಮೇಲಿರುವುದನ್ನು ಕೆಳಗಿಟ್ಟು ಬಂದು ಮಾತಾಡು ಎಂದೆ.

"ಯಾರ ಕಡೆಗಾದ್ರೂ ತೋರಿಸಿದ್ದೀನಾ?" ಅಂದ. "ಖಾಲಿ ಇದೆ. ಭುಜದ ಮೇಲಿತ್ತು, ಹಾಗೇ ಬಂದೆ. ನಿಮಗೆಲ್ಲ ತಲೆ ಕೆಟ್ಟಿದೆ."

ಕಾರ್ಲೀನ್ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ತಟ್ಟೆ ಒರೆಸುತ್ತಿದ್ದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಎಡಗೈ ತಾನಾಗಿಯೇ ದವಡೆಗೆ ಹೋಯಿತು. ಹೋದದ್ದು ಅವಳಿಗೂ ತಿಳಿದಿರಲಿಕ್ಕಿಲ್ಲ. ಟೆಸ್ಸಾ ಕುರ್ಚಿಯಿಂದೆದ್ದು ಬಂದು ತಾಯಿಯ ಮುಂದೆ ನಿಂತಳು.

"ಟೆಸ್ಸಾ, ಕೆಳಗೆ ನಡಿ," ಅಂದ ರೂಡಿ. ಅವಳು ಸರಿಯಲಿಲ್ಲ. ಅವನು ಪಟ್ಟಿಯನ್ನು ಹೆಗಲಿನಿಂದ ಸ್ವಲ್ಪ ಜಾರಿಸಿ ಕೈಯಲ್ಲಿ ಹಿಡಿದ.

ಆಗ ಅವನ ಬೆನ್ನ ಹಿಂದೆ ಅಮ್ಮ ಕಂಡಳು. ಮಂಡಿನೋವಿನಿಂದ ವರ್ಷಗಳಿಂದ ಅವಳು ನನ್ನ ಮೆಟ್ಟಿಲು ಹತ್ತಿರಲಿಲ್ಲ. ಕಂಬಿ ಹಿಡಿದು ಏದುಸಿರು ಬಿಡುತ್ತಾ ಬಂದು ನಿಂತಳು. ಮೊದಲು ಮೊಮ್ಮಗಳನ್ನು ನೋಡಿದಳು, ಆಮೇಲೆ ಕಾರ್ಲೀನಳ ಕೈ ಎಲ್ಲಿದೆಯೆಂದು ನೋಡಿದಳು. ಬಹಳ ಹೊತ್ತು ಅದನ್ನೇ ನೋಡಿದಳು.

"ಊಟಕ್ಕೆ ಕರೆಯಕ್ಕೆ ಅದ್ಯಾಕೋ ತಂದೆ?" ಅಂದಳು.

"ಸುಮ್ನೆ ಅಮ್ಮ. ನನ್ನ ಮನೇಲಿ ನಾನು ಹೇಗೆ ಬೇಕಾದ್ರೂ ಓಡಾಡ್ತೀನಿ. ಅದು ನನ್ನ ಹಕ್ಕು."

"ಮನೆ ನಂದು. ಬಂದೂಕು ನಂದು. ನಿನ್ನದು ಅಂತ ಇರೋದು ಆ ಪ್ಯಾಂಟು ಒಂದೇ. ಕೊಡು ಇಲ್ಲಿ."

ಅವನು ನಕ್ಕ. ನಗುವಿಗೆ ಜೊತೆ ಬೇಕೆಂದು ನನ್ನ ಕಡೆ ತಿರುಗಿದ.

"ಟೈರಿನ ಅಂಗಡಿ ಮಾಲೀಕ ಚಳಿಗಾಲದಲ್ಲಿ ಸಂಬಳ ಹಿಡಿದಾಗ ಬಾಯಿ ಮುಚ್ಕೊಂಡು ಬಂದ್ಯಲ್ಲ," ಅಂದಳು ಅಮ್ಮ. "ಮೊನ್ನೆ ನಾನು ಬಂದೂಕಿನ ಅಂಗಡಿ ಒಳಗೆ ಹೋದಾಗ ಗಾಡೀಲಿ ಮುದುರ್ಕೊಂಡು ಕೂತಿದ್ಯಲ್ಲ. ಗಂಡಸರ ಮುಂದೆ ಹೋಗಕ್ಕೆ ನಿನಗೆ ಏನೂ ಬೇಡ. ಹೆಂಡತೀನ, ಮಗಳನ್ನ ಊಟಕ್ಕೆ ಕರೆಯಕ್ಕೆ ಇದು ಬೇಕಾಯ್ತು. ನಿಮ್ಮಪ್ಪ ನೋಡಿದ್ರೆ ಮುಖಕ್ಕೆ ಉಗೀತಿದ್ದ. ಕೊಡು."

ಅವನು ಕೊಟ್ಟ. ಯಾಕೆ ಕೊಟ್ಟನೆಂದು ಈಗಲೂ ನನಗೆ ಗೊತ್ತಿಲ್ಲ. ಚಿಕ್ಕಂದಿನಿಂದ ಅವಳು ಕೈ ಚಾಚಿದಾಗ ಕದ್ದದ್ದನ್ನು ಕೊಟ್ಟು ಅಭ್ಯಾಸವಿದ್ದದ್ದರಿಂದ ಇರಬೇಕು. ಅಮ್ಮ ಅದನ್ನು ಗೋಡೆಯ ಕಡೆ ತಿರುಗಿಸಿ, ಗುಂಡುಗಳ ಪೆಟ್ಟಿಗೆಯನ್ನು ಒತ್ತಿ ಕಳಚಿದಳು. ಹಿಡಿ ಎಳೆದಾಗ ಒಳಗಿನಿಂದ ಇನ್ನೊಂದು ಗುಂಡು ನೆಲಕ್ಕೆ ಬಿದ್ದು ಉರುಳಿ ಒಲೆಯ ಕೆಳಗೆ ಹೋಯಿತು. ಪೆಟ್ಟಿಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ತುಂಬಿದೆ," ಅಂದಳು.

ರೂಡಿ ಮರೆತಿದ್ದೆ ಎಂದ. ಅಮ್ಮ ನನ್ನ ಕುರ್ಚಿಯಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಪೊಲೀಸರಿಗೆ ಫೋನು ಹಚ್ಚು, ಆದರೆ ಮಾತು ನಾನಾಡುತ್ತೇನೆ ಎಂದಳು. ಹಚ್ಚಿ ಕೊಟ್ಟೆ. ಅವಳ ದನಿ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವಾಗಿನ ದನಿಯಾಗಿತ್ತು.

"ನನ್ನ ಹೆಸರು ವರ್ನಾ ಸೋಲ್ಟಿಸ್. ನನ್ನ ಮಗನಿಗೆ ಬಂದೂಕು ಮುಟ್ಟೋ ಹಾಗಿಲ್ಲ. ಅವನು ಮುಟ್ಟಿದ್ದಾನೆ. ಬೀರುವಿನ ಬೀಗದ ಕೈ ಕೊಟ್ಟೋಳು ನಾನು. ಎರಡೂ ಬರ್ಕೊಳ್ಳಿ."

ರೂಡಿ ಮೊದಲು ನಂಬಲಿಲ್ಲ. ಆಮೇಲೆ ಮಂಡಿಯೂರಿ ಅತ್ತ, ಕಾರ್ಲೀನಳನ್ನು ಕರೆದು ನೀನಾದರೂ ಹೇಳು ಎಂದ. ಅವಳು ಮಗಳನ್ನು ಕರೆದುಕೊಂಡು ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಕೊನೆಗೆ ಅವನು ಎದ್ದು ಕೆಳಗೆ ಹೋದ. ಓಡಿಹೋಗುತ್ತಾನೆಂದು ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಓಡಲಿಲ್ಲ. ಪೊಲೀಸರು ಬಂದಾಗ ಅವನು ಮೇಜಿಗೆ ಕೂತು ಹಂದಿಮಾಂಸ ಕೊಯ್ದುಕೊಂಡು, ಸಾಸಿವೆ ಹಚ್ಚಿ ತಿನ್ನುತ್ತಿದ್ದ. ಸ್ವತಂತ್ರ ಮನುಷ್ಯ, ಹಸಿವಾಗಿತ್ತು.

ಊರಿಗೆ ಒಂದು ಬೇಸಿಗೆಗೆ ಸಾಕಾಗುವಷ್ಟು ಮಾತು ಸಿಕ್ಕಿತು. ಮನೆಯ ವಿಷಯ ಮನೆಯಲ್ಲೇ ಮುಗಿಸಬೇಕಿತ್ತು ಎಂದು ಅಗ್ನಿಶಾಮಕ ದಳದ ಗಂಡಸರು. ಹೆತ್ತ ಮಗನನ್ನು ಹಿಡಿದುಕೊಟ್ಟವಳ ಕೈಯಿಂದ ಚರ್ಚಿನ ಅಡಿಗೆಮನೆಯಲ್ಲಿ ಬಡಿಸಿಕೊಳ್ಳುವುದು ಹೇಗೆ ಎಂದು ಕೆಲವು ಹೆಂಗಸರು. ಸರ್ಕಾರ ಒಬ್ಬ ಮುದುಕಿಯ ಬಂದೂಕು ಕಿತ್ತುಕೊಂಡಿತೆಂದು ರೂಡಿಯ ಗೆಳೆಯರು ಫೋನಿನಲ್ಲಿ ಬರೆದು ಅಮ್ಮನ ಆ ಏಪ್ರನ್ನಿನ ಫೋಟೋ ಹಾಕಿದರು. ಎಲ್ಲಿಯವರೋ ಸಾವಿರಾರು ಜನ ಅವಳ ಪರವಾಗಿ ಸಿಟ್ಟಾದರು. ಇನ್ನೊಂದು ಪಕ್ಷದವರೂ ಸುಮ್ಮನಿರಲಿಲ್ಲ. ಪಟ್ಟಣದಿಂದ ಒಬ್ಬಳು ಬಂದು, ಇಂಥ ಬಂದೂಕುಗಳ ವಿರುದ್ಧದ ಸಭೆಯಲ್ಲಿ ಅಮ್ಮ ಮಾತಾಡಬೇಕು, ಅವಳ ಕಥೆ ಬಹಳ ಉಪಯೋಗಕ್ಕೆ ಬರುತ್ತದೆ ಎಂದಳು. ಅಮ್ಮ ಅವಳನ್ನು ವರಾಂಡದಿಂದಲೇ ಕಳಿಸಿದಳು.

ನ್ಯಾಯಾಲಯದಲ್ಲಿ ಕಾನೂನು ತಿಳಿದಿರಲಿಲ್ಲ ಎಂದು ಹೇಳಲು ವಕೀಲ ಅಮ್ಮನಿಗೆ ಚೆನ್ನಾಗಿ ಕಲಿಸಿದ್ದ. ಬೀಗದ ಕೈ ಕೊಡುವಾಗ ಇದು ಅಪರಾಧವೆಂದು ಗೊತ್ತಿತ್ತೇ ಎಂದು ನ್ಯಾಯಾಧೀಶೆ ಕೇಳಿದರು.

"ಕಾನೂನು ಅಷ್ಟಾಗಿ ಗೊತ್ತಿರಲಿಲ್ಲ," ಅಂದಳು ಅಮ್ಮ. "ಮಗ ಗೊತ್ತಿದ್ದ."

ವಕೀಲ ಪೆನ್ನು ಕೆಳಗಿಟ್ಟ. ರೂಡಿಗೆ ಜೈಲಾಯಿತು. ಅಮ್ಮನ ವಯಸ್ಸು ನೋಡಿ, ಅವಳೇ ಕರೆ ಮಾಡಿದ್ದನ್ನು ನೋಡಿ, ತಿಂಗಳಿಗೊಮ್ಮೆ ಶಿಕ್ಷೆಯಾದವರ ಮೇಲೆ ಕಣ್ಣಿಡುವ ಕಚೇರಿಗೆ ಬಂದು ಮುಖ ತೋರಿಸಿದರೆ ಸಾಕೆಂದು ಬಿಟ್ಟರು. ಅಮ್ಮ ಪ್ರತಿ ತಿಂಗಳೂ ನನ್ನ ಗಾಡಿಯಲ್ಲಿ ಹೋಗಿ, ಕಳ್ಳರು ಕುಡುಕರ ಜೊತೆ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ಊರಿನ ನಮಸ್ಕಾರಗಳು ನಿಂತುಹೋಗಿದ್ದವು.

ಅಕ್ಟೋಬರಿನಲ್ಲಿ ಒಂದು ಸಲ ಆ ಕಚೇರಿಯಿಂದ ಹಿಂದಿರುಗುವಾಗ, ಕಾರ್ಲೀನಳ ಊರು ದಾರಿಯಲ್ಲೇ ಅಲ್ಲವೇ ಎಂದು ಅಮ್ಮ ಕೇಳಿದಳು. ದಾರಿಯಲ್ಲಿರಲಿಲ್ಲ. ಆದರೂ ತಿರುಗಿಸಿದೆ. ಬೇಕರಿಯೊಂದರ ಮೇಲಿನ ಮನೆ. ಅಮ್ಮನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಕಾರ್ಲೀನ್ ಬಾಗಿಲು ತೆಗೆದಳು. ಒಳಗೆ ಎರಡು ಕುರ್ಚಿ, ಒಂದು ಸಣ್ಣ ಮೇಜು, ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಟೆಸ್ಸಾ ಕೆಲಸಕ್ಕೆ ಹೋಗಿದ್ದಾಳೆ, ಬರುವುದು ತಡ ಎಂದಳು. ಒಳಗೆ ಬನ್ನಿ ಅನ್ನಲಿಲ್ಲ.

ಹೇಗಿದ್ದೀಯೆ ಎಂದು ಅಮ್ಮ ಕೇಳಿದಳು. ಚೆನ್ನಾಗಿದ್ದೇನೆ ಎಂದಳು ಅವಳು.

"ವರ್ನಾ, ಅವತ್ತು ನೀವು ಆಸ್ಪತ್ರೆಗೆ ಬಂದಿದ್ರಿ," ಅಂದಳು ಕಾರ್ಲೀನ್. "ನನ್ನ ಹಲ್ಲಿಗೆ ತಂತಿ ಬಿಗಿದಿದ್ರು. ಮಾತಾಡಕ್ಕೆ ಆಗ್ತಿರಲಿಲ್ಲ. ನೀವು ನರ್ಸ್ ಜೊತೆ ನಗ್ತಾ ಏನಂದ್ರಿ ನೆನಪಿದ್ಯಾ?"

ಅಮ್ಮ ನೆಲ ನೋಡುತ್ತಿದ್ದಳು.

"'ಒಳ್ಳೇದೇ ಆಯ್ತು, ಸ್ವಲ್ಪ ದಿನ ಮನೇಲಿ ಗಲಾಟೆ ಇರಲ್ಲ' ಅಂದ್ರಿ."

ಇದು ನನಗೆ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ. ಅವಳು ಇಲ್ಲ ಅನ್ನಲಿಲ್ಲ, ತಮಾಷೆಗೆ ಅಂದದ್ದು ಎಂದೂ ಅನ್ನಲಿಲ್ಲ.

"ಅಂದಿದ್ದೆ," ಅಂದಳು.

"ಈಗ ನನಗೆ ಮಾತಾಡಕ್ಕೆ ಬರುತ್ತೆ," ಅಂದಳು ಕಾರ್ಲೀನ್. "ನಿಮ್ಮ ಹತ್ರ ಹೇಳಕ್ಕೆ ಇದ್ದಿದ್ದು ಇಷ್ಟೇ." ಮೆಟ್ಟಿಲು ಕಡಿದಾಗಿದೆ, ನೋಡಿಕೊಂಡು ಇಳಿಸು ಎಂದು ನನಗೆ ಹೇಳಿ ಬಾಗಿಲು ಹಾಕಿಕೊಂಡಳು. ಸದ್ದಾಗದಂತೆ ಹಾಕಿಕೊಂಡಳು.

ಗಾಡಿಯಲ್ಲಿ ಅಮ್ಮ ಬೆಲ್ಟು ಸಿಕ್ಕಿಸಲು ಒದ್ದಾಡುತ್ತಿದ್ದಳು. ನಾನು ಸಹಾಯ ಮಾಡಲಿಲ್ಲ.

"ಇನ್ನೊಂದ್ಸಲ ಬನ್ನಿ ಅನ್ನಲಿಲ್ಲ," ಅಂದಳು.

"ಇಲ್ಲ."

"ನೀನಾಗಿದ್ರೆ ಅಂತಿದ್ಯಾ?"

"ನಾನಾಗಿದ್ರೆ ಬಾಗಿಲೇ ತೆಗೀತಿರಲಿಲ್ಲ."

ಅಮ್ಮ ಆ ಬೇಕರಿಯ ಮೇಲಿನ ಕಿಟಕಿಯನ್ನು ಒಮ್ಮೆ ನೋಡಿದಳು. ಬೆಲ್ಟು ಕೊನೆಗೂ ಸಿಕ್ಕಿಕೊಂಡಿತು.

"ಅವಳು ತೆಗೆದಳು," ಅಂದಳು.

ನಾನು ಗಾಡಿ ಚಾಲೂ ಮಾಡಿದೆ.